ಶಂಕ್ರೆಪ್ಪನವರ ಬಾಲ್ಕನಿ ಮತ್ತು ಆಕಾಶಗಂಗೆ

ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಸಾಲಿನಲ್ಲಿ ಶಂಕ್ರೆಪ್ಪನವರ ಕಣ್ಣಿಗೆ ಒಂದು ಕಾಲಕ್ಕೆ ದೊಡ್ಡ ಹೆಸರಿತ್ತು. ಲಾರಿ ಇನ್ನೂ ಗೇಟಿನಲ್ಲಿ ನಿಂತಿರುವಾಗಲೇ, ಚೀಲದ ಬಾಯಿಂದ ಇಣುಕಿದ ನಾಲ್ಕು ಕಾಯಿ ನೋಡಿ, ಇದು ಬ್ಯಾಡಗಿ, ಇದು ಗುಂಟೂರು, ಇದು ಬ್ಯಾಡಗಿಯ ಹೆಸರು ಹೇಳಿಕೊಂಡು ಬಂದ ಬೇರೆ ಯಾವುದೋ ಎಂದು ಹೇಳಿಬಿಡುತ್ತಿದ್ದರು. ಇಂಡಿ ಊರಿನಿಂದ ಪುಣೆಗೆ ಬಂದು ದಲ್ಲಾಳಿಗಳ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿ ಸೇರಿದವರು, ಬರೆದದ್ದಕ್ಕಿಂತ ನೋಡಿದ್ದಕ್ಕೇ ಹೆಚ್ಚು ಸಂಬಳ ತಗೊಂಡರು ಎಂದು ಸಾಲಿನವರೇ ಚಾಷ್ಟಿ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಹೆಸರುವಾಸಿ ಕಣ್ಣಿಗೆ ಉಳಿದ ಕೆಲಸ ಒಂದೇ. ಹೆಂಡತಿಯ ರಂಗೋಲಿ ನೋಡುವುದು.

ಕಾಶವ್ವನವರ ರಂಗೋಲಿ ಎಂದರೆ ಬಾಗಿಲ ಮುಂದಿನ ನಾಲ್ಕು ಎಳೆಯಲ್ಲ. ಅವರು ಹಾಕಲು ಕೂತರೆ ಬಿಬವೇವಾಡಿಯ ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಅಂಗಳ ಅರ್ಧ ತುಂಬುತ್ತಿತ್ತು. ಅಷ್ಟು ದೊಡ್ಡದು ಹಾಕುವವರಿಗೆ ಒಂದು ತೊಂದರೆ ಇದೆ. ರಂಗೋಲಿಯ ಒಳಗೇ ಕುಕ್ಕರಗಾಲಿನಲ್ಲಿ ಕೂತವರಿಗೆ ಕಾಣುವುದು ತಮ್ಮ ಮೊಣಕಾಲು ಮತ್ತು ಮುಂದಿನ ಒಂದು ಮೊಳ ನೆಲ. ಒಟ್ಟು ಆಕಾರ ಕಾಣಬೇಕಾದರೆ ಮೇಲೆ ಹೋಗಿ ನಿಲ್ಲಬೇಕು. ಎಳೆಗೊಂದು ಸಲ ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಯಾವ ಮೊಣಕಾಲೂ ಒಪ್ಪುವುದಿಲ್ಲ. ಹಾಗಾಗಿ ಈ ಮನೆಗೆ ಬಂದಾಗಿನಿಂದ ಗಂಡಹೆಂಡಿರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಕೆಳಗೆ ಕಾಶವ್ವ, ಎರಡನೇ ಮಹಡಿಯ ಬಾಲ್ಕನಿಯಲ್ಲಿ ಚಹಾದ ಕಪ್ಪು ಹಿಡಿದ ಶಂಕ್ರೆಪ್ಪ. "ಹೆಂಗದರೀ?" ಎಂದು ಅವರು ಕೂಗುವುದು, "ಎಡಕ್ಕ ಒಂದ ಗೇಣ ಸರೀ," ಎಂದು ಇವರು ಕೂಗುವುದು. ಎಲ್ಲ ಮುಗಿದ ಮೇಲೆ ಕೊನೆಯ ಕುಂಕುಮದ ಬೊಟ್ಟು ಎಲ್ಲಿಡಬೇಕು ಎಂದು ಹೇಳುವ ಹಕ್ಕು ಮಾತ್ರ ಪೂರ್ತಿ ಶಂಕ್ರೆಪ್ಪನವರದು. ಅವರು "ಇಡು" ಅನ್ನದೆ ಕಾಶವ್ವ ಇಡುತ್ತಿರಲಿಲ್ಲ. ಒಂದು ಚಿಟಿಕೆ ಪುಡಿ ಮುಟ್ಟದೆಯೂ ಶಂಕ್ರೆಪ್ಪನವರು ಮಂದಿಯ ಮುಂದೆ "ನಾವು ಹಾಕಿದ ರಂಗೋಲಿ" ಎನ್ನುತ್ತಿದ್ದುದು ಈ ಹಕ್ಕಿನ ಬಲದಿಂದಲೇ.

ಕಳೆದ ದಸರೆಯ ಹೊತ್ತಿಗೆ ಆ ಕಣ್ಣಿಗೆ ಮಂಜು ಕವಿಯತೊಡಗಿತು. ಶಂಕ್ರೆಪ್ಪನವರು ಮೊದಲು ಪೇಪರಿನವರನ್ನು ಬೈದರು, ಮಸಿ ಉಳಿಸುತ್ತಾರೆಂದು. ಆಮೇಲೆ ಪುಣೆಯ ಧೂಳನ್ನು ಬೈದರು. ಆಮೇಲೆ ಹೊಸ ಬಲ್ಬುಗಳನ್ನು. ಒಂದು ದಿನ ಪಾರ್ಕಿಂಗಿನಲ್ಲಿ ಮಳೆಕೋಟು ಹೊದಿಸಿ ನಿಲ್ಲಿಸಿದ ಸ್ಕೂಟರಿಗೆ ಕೈಮುಗಿದು "ನಮಸ್ಕಾರ, ಆರಾಮ?" ಎಂದರು. ಸ್ಕೂಟರು ಉತ್ತರ ಕೊಡದ್ದಕ್ಕೆ ಸಿಟ್ಟೂ ಮಾಡಿಕೊಂಡರು. ಕೊನೆಗೆ ಗುಟ್ಟಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಅವರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಆಪರೇಶನ್, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದು ಎಂದರು. ಶಂಕ್ರೆಪ್ಪನವರು "ವಿಚಾರ ಮಾಡಿ ಹೇಳ್ತೀನ್ರಿ," ಎಂದು ಎದ್ದು ಬಂದರು. ಯಾರ್ಡಿನಲ್ಲಿ ಮೈಮೇಲೆ ಚೀಲ ಉರುಳಿದರೂ ಅಯ್ಯೋ ಅನ್ನದ ಗಂಡಸು, ಕಣ್ಣಿನ ಹತ್ತಿರ ಯಾರಾದರೂ ಬೆರಳು ತಂದರೆ ಹೆದರಿ ಹಿಂದೆ ಸರಿಯುತ್ತಿದ್ದರು. ಮನೆಗೆ ಬಂದು ಕಾಶವ್ವನಿಗೆ, "ಈ ವಯಸ್ಸಿಗೆ ಇಂಥಾ ಕಣ್ಣ ಅಪರೂಪ ಅಂದ್ರು," ಎಂದರು. ಕಾಶವ್ವ ಅಂದು ಖುಷಿಯಿಂದ ಹೋಳಿಗೆ ಮಾಡಿದರು. ಶಂಕ್ರೆಪ್ಪನವರು ಅದನ್ನು ತಿಂದರು ಕೂಡ.

ಹೆದರಿಕೆ ಒಂದೇ ಆಗಿದ್ದರೆ ಹೇಗೋ ಹೇಳಿಬಿಡುತ್ತಿದ್ದರೇನೋ. ಆದರೆ ಮೇಲಿನ ಮಹಡಿಗೆ ಮೈಸೂರಿನ ಕಡೆಯ ಇಬ್ಬರು ಎಳೆಯರು ಬಂದಿದ್ದರು, ರಂಜಿನಿ ಮತ್ತು ಮಿಥುನ. ಇಬ್ಬರೂ ಯೆರವಡಾದ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು. ದೀಪಾವಳಿಯ ರಂಗೋಲಿಯಂದು ಶಂಕ್ರೆಪ್ಪನವರ ಕೂಗಾಟ ಕೇಳಿ ಮಿಥುನ ಬಂದು ಒಳ್ಳೆಯ ಮನಸ್ಸಿನಿಂದಲೇ, "ಅಂಕಲ್, ನೀವ್ಯಾಕೆ ಇಷ್ಟು ಸ್ಟ್ರೇನ್ ಮಾಡ್ಕೋತೀರಾ? ಟೆರೇಸ್ ಮೇಲೆ ಒಂದು ಕ್ಯಾಮೆರಾ ಫಿಕ್ಸ್ ಮಾಡಿದ್ರೆ ಆಂಟಿ ಕೂತಲ್ಲೇ ಫೋನಲ್ಲಿ ನೋಡ್ಬಹುದು," ಎಂದಿದ್ದ. ಶಂಕ್ರೆಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಮ್ಮ ಕಣ್ಣು ಹೋಗಿದೆ ಎಂದು ಗೊತ್ತಾದ ದಿನ ಆ ಕ್ಯಾಮೆರಾ ಬಂದು ತಮ್ಮ ಜಾಗದಲ್ಲಿ ಕೂರುವುದು ಖಂಡಿತ. ಆಮೇಲೆ ಕಾಶವ್ವ "ಹೆಂಗದರೀ?" ಎಂದು ಕೇಳುವುದು ಫೋನನ್ನು. ಅಂದಿನಿಂದ ಅವರು ಬಾಯಿಗೆ ಬೀಗ ಹಾಕಿಕೊಂಡರು. ದೀಪಾವಳಿಯ ರಂಗೋಲಿಯನ್ನು ಅಂದಾಜಿನ ಮೇಲೆ ದಾಟಿಸಿದರು.

ಫೆಬ್ರವರಿಯಲ್ಲಿ ಸೊಸೈಟಿಯ ಅಧ್ಯಕ್ಷೆ ಮಾಯಾತಾಯಿ ವಿಜ್ಞಾನ ದಿನ ಮಾಡೋಣ ಎಂದು ಹೊರಟರು. ರಂಜಿನಿ ನಕ್ಷತ್ರ ನೋಡುವವರ ಒಂದು ಬಳಗದಲ್ಲಿದ್ದಳು. ಅಂಗಳದ ತುಂಬ ಗೆಲಾಕ್ಸಿಗಳ ರಂಗೋಲಿ ಹಾಕಿಸಿ ಮಕ್ಕಳಿಗೆ ತೋರಿಸೋಣ ಎಂಬ ಯೋಚನೆ ಅವಳದು. ಹಾಕುವವರು ಕಾಶವ್ವ ಎಂದೂ ಅವಳೇ ಹೇಳಿದಳು. ಇದು ಸಣ್ಣ ಮಾತಲ್ಲ. ಹಬ್ಬದ ರಂಗೋಲಿ ಅಂಗಳ ಅರ್ಧವಾದರೆ, ಗುಡಿಪಾಡವಾದ, ಅಂದರೆ ಯುಗಾದಿಯ, ದೊಡ್ಡ ರಂಗೋಲಿ ಗೇಟಿನಿಂದ ಗಣಪತಿ ಮಂಟಪದವರೆಗೆ ಹರಡುತ್ತದೆ. ಅದು ಯಾವಾಗಲೂ ಮಾಯಾತಾಯಿಯ ಗುಂಪಿನದು, ಕಾಶವ್ವನವರ ಪಾಲಿಗೆ ಅದರ ಅಂಚು ತುಂಬುವ ಕೆಲಸ ಮಾತ್ರ. "ಹೆ ಛಾನ್ ಝಾಲಂ ತರ್ ಪಾಡವಾ ತುಮಚಾ," ಇದು ಚೆಂದ ಬಂದರೆ ಪಾಡವಾ ನಿಮ್ಮದೇ ಎಂದು ಮಾಯಾತಾಯಿ ಮರಾಠಿಯಲ್ಲಿ ಮಾತು ಕೊಟ್ಟರು. ಕಾಶವ್ವ ಮನೆಗೆ ಬಂದು ಒಲೆಯ ಮುಂದೆ ಸುಮ್ಮನೆ ನಿಂತು, ಹಾಲು ಉಕ್ಕಿಸಿದರು.

"ಭಾಳ ದಿನದ ಆಸೆ ನೋಡ್ರಿ ನಂದು," ಎಂದರು ಗಂಡನಿಗೆ. "ನೀವು ಸರಿಯಾಗಿ ನೋಡಿ ಹೇಳ್ರಿ. ಒಂದ ಎಳಿ ತಪ್ಪಬಾರದು."

"ನಾ ಇದ್ದೀನಲ್ಲ," ಎಂದರು ಶಂಕ್ರೆಪ್ಪ. ಅಂದ ಮೇಲೆ ಯೋಚನೆ ಹತ್ತಿತು. ಅಂದಾಜಿನ ಮೇಲೆ ದಾಟಿಸಲು ಇದೇನು ಕಮಲದ ಹೂವೇ, ನವಿಲೇ? ಗೆಲಾಕ್ಸಿ ಎಂಬುದನ್ನು ಅವರು ಕಣ್ಣು ಚೆನ್ನಾಗಿದ್ದಾಗಲೂ ನೋಡಿದವರಲ್ಲ.

ಆದರೂ ಯಾರ್ಡಿನ ಮನುಷ್ಯ ಅಷ್ಟು ಸುಲಭಕ್ಕೆ ಕೈಚೆಲ್ಲುವವನಲ್ಲ. ಕಣ್ಣಿಗೆ ಕಾಣದಿದ್ದರೆ ಬಾಯಿಪಾಠ ಮಾಡಿಬಿಡುವುದು ಎಂದು ಶಂಕ್ರೆಪ್ಪನವರು ತೀರ್ಮಾನಿಸಿದರು. ಚಿತ್ರ ಪೂರ್ತಿ ತಲೆಯೊಳಗಿದ್ದರೆ ಬಾಲ್ಕನಿಯಿಂದ ಕಣ್ಣು ಮುಚ್ಚಿಕೊಂಡೇ ಹೇಳಬಹುದಲ್ಲ. ಅವರು ರಂಜಿನಿಯ ಮನೆಗೆ ಹೋಗಿ, "ನನಗೂ ಒಂದೀಟು ಕಲಸವಾ," ಎಂದು ಕೂತರು. ಅಂಕಲ್‌ಗೆ ಈ ವಯಸ್ಸಿನಲ್ಲಿ ಎಂಥ ಆಸಕ್ತಿ ಎಂದು ರಂಜಿನಿಗೆ ಕಣ್ಣು ತುಂಬಿ ಬಂತು. ಪಾಪ, ಅವಳಿಗೇನು ಗೊತ್ತು.

"ಮೇನ್ ಆಗಿ ಮೂರು ನಾಲ್ಕು ಟೈಪ್ ಇದೆ ಅಂಕಲ್," ಎಂದು ರಂಜಿನಿ ಟ್ಯಾಬಿನಲ್ಲಿ ಚಿತ್ರ ತೋರಿಸಿದಳು. ಶಂಕ್ರೆಪ್ಪನವರು ಅದನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. ಮೊದಲನೆಯದು ಮೊಟ್ಟೆಯಂತೆ ಉರುಟಾದ, ಹಳದಿ ಬಣ್ಣದ ಮುದಿ ನಕ್ಷತ್ರಗಳ ದೊಡ್ಡ ಗುಂಪು. ಅಲ್ಲಿ ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ಎರಡನೆಯದು ಸುರುಳಿ. ತಟ್ಟೆಯಂತೆ ಚಪ್ಪಟೆ, ನಡುವಿನಿಂದ ಹೊರಟ ತೋಳುಗಳು ಸುತ್ತಿಕೊಂಡು ಹೋಗುತ್ತವೆ, ತೋಳಿನ ತುಂಬ ನೀಲಿ ಬಣ್ಣದ ಎಳೆಯ ನಕ್ಷತ್ರಗಳು. ಮೂರನೆಯದು ಇವೆರಡರ ನಡುವಿನದು, ತಟ್ಟೆ ಇದೆ, ತೋಳಿಲ್ಲ, ಮಸೂರದ ಹಾಗೆ. ಕೊನೆಯದಕ್ಕೆ ಆಕಾರವೇ ಇಲ್ಲ. ಅಕ್ಕಪಕ್ಕದ ದೊಡ್ಡ ಗೆಲಾಕ್ಸಿ ಎಳೆದಾಡಿಯೋ ಇನ್ನಾವುದೋ ಕಾರಣಕ್ಕೋ ಚೆಲ್ಲಾಪಿಲ್ಲಿಯಾದದ್ದು.

"ಗ್ರೇಡಿಂಗ್ ಇದ್ದಂಗ ಅನ್ನು. ಇದ್ರಾಗ ಒಂದನೇ ನಂಬರ್ ಮಾಲು ಯಾವುದು?" ಎಂದರು ಶಂಕ್ರೆಪ್ಪ.

"ಹಾಗೆಲ್ಲ ಇಲ್ಲ ಅಂಕಲ್. ಬೇರೆ ಬೇರೆ ಥರ, ಅಷ್ಟೇ."

"ನಂಬರ್ ಇಲ್ಲದ ಮಾಲು ನಾ ಯಾರ್ಡಿನಾಗ ಕಂಡಿಲ್ಲ," ಎಂದು ಶಂಕ್ರೆಪ್ಪನವರು ಮನಸ್ಸಿನಲ್ಲೇ ಸುರುಳಿಗೆ ಒಂದನೇ ನಂಬರು ಕೊಟ್ಟುಕೊಂಡರು. ಯಾಕೆಂದರೆ ನಮ್ಮದು ಅದೇ ಜಾತಿ ಎಂದು ರಂಜಿನಿ ಆಗಲೇ ಹೇಳಿದ್ದಳು. ನಮ್ಮ ಆಕಾಶಗಂಗೆ ಸುರುಳಿಯೇ, ಆದರೆ ನಡುವೆ ಒಂದು ದಂಡ ಅಡ್ಡ ಇಟ್ಟಂತಿದೆ, ಆ ದಂಡದ ಎರಡು ತುದಿಗಳಿಂದ ದೊಡ್ಡ ತೋಳುಗಳು ಹೊರಡುತ್ತವೆ.

"ಸೂರ್ಯ ನಟ್ಟನಡುವ ಇರಬೇಕಲ್ಲ?"

"ಇಲ್ಲ ಅಂಕಲ್. ನಡುವಿನಿಂದ ಅಂಚಿಗೆ ಹೋಗೋ ದಾರೀಲಿ ಅರ್ಧಕ್ಕಿಂತ ಸ್ವಲ್ಪ ಆಚೆ. ಅದೂ ದೊಡ್ಡ ತೋಳಲ್ಲ. ಎರಡು ದೊಡ್ಡ ತೋಳುಗಳ ಮಧ್ಯೆ ಒಂದು ಚಿಕ್ಕ ತೋಳಿದೆ, ಅದರಲ್ಲಿ. ಅಲ್ಲಿಂದ ಬೆಳಕು ಸೆಂಟರ್ ತಲುಪೋಕೆ ಇಪ್ಪತ್ತಾರು ಸಾವಿರ ವರ್ಷ ಬೇಕು."

ಶಂಕ್ರೆಪ್ಪನವರಿಗೆ ಇದು ರುಚಿಸಲಿಲ್ಲ. "ಅಂದ್ರ ಪುಣೆಗೆ ಶನಿವಾರವಾಡಾ ನಡು ಅಂತ ಇಟ್ಟುಕೊಂಡ್ರ, ನಾವು ದೂರದ ಧನಕವಡಿ ಹತ್ರ. ಅದೂ ಮೇನ್ ರೋಡ್ ಅಲ್ಲ, ಗಲ್ಲಿ."

"ಎಕ್ಸಾಕ್ಟ್ಲಿ ಅಂಕಲ್! ಅಲ್ಲಿರೋದೇ ಒಳ್ಳೇದು. ನಡುವೆ ಸಿಕ್ಕಾಪಟ್ಟೆ ರಶ್ಶು, ನಕ್ಷತ್ರಗಳು ಒತ್ತೊತ್ತಾಗಿವೆ. ಮೇಲೆ ಒಂದು ದೊಡ್ಡ ಕಪ್ಪು ಕುಳಿ ಬೇರೆ."

"ಶನಿವಾರವಾಡಾದಾಗೂ ಅದ ಹಾಡು," ಎಂದು ಶಂಕ್ರೆಪ್ಪನವರು ಒಪ್ಪಿಕೊಂಡರು. ಆಮೇಲೆ ಒಂದು ಸಂಶಯ ಬಂತು. "ಅಲ್ಲವಾ, ನಾವು ಅದರ ಒಳಗ ಕುಂತೀವಿ. ಹೊರಗ ಹೋಗಿ ನೋಡಿದವರು ಯಾರೂ ಇಲ್ಲ. ಮತ್ತ ಅದು ಸುರುಳಿ ಅಂತ ಹೆಂಗ ಗೊತ್ತಾತು? ಮ್ಯಾಲಿಂದ ಹೇಳಾಕ ಒಬ್ಬ ಬೇಕಲ್ಲ?"

ಅದು ಬಹಳ ಒಳ್ಳೆಯ ಪ್ರಶ್ನೆ ಎಂದು ರಂಜಿನಿ ಹಿಗ್ಗಿದಳು. ಒಳಗಿನಿಂದ ನೋಡುವುದರಿಂದಲೇ ಅದು ನಮಗೆ ಸುರುಳಿಯಾಗಿ ಕಾಣದೆ, ಊರ ಹೊರಗಿನ ಕತ್ತಲಲ್ಲಿ ಆಕಾಶಕ್ಕೆ ಅಡ್ಡ ಹಾಲು ಚೆಲ್ಲಿದ ಪಟ್ಟಿಯಾಗಿ ಕಾಣುತ್ತದೆ ಎಂದಳು. ನಕ್ಷತ್ರಗಳು ಎಷ್ಟೆಷ್ಟು ದೂರ ಇವೆ, ನಡುವಿನ ಗಾಳಿಯಂಥ ಅನಿಲ ಯಾವ ಕಡೆ ಓಡುತ್ತಿದೆ ಎಂದು ಅಳೆದು ಅಳೆದು, ದೂರದ ಬೇರೆ ಗೆಲಾಕ್ಸಿಗಳ ಆಕಾರದೊಂದಿಗೆ ಹೋಲಿಸಿ ನಕ್ಷೆ ಮಾಡಿದರಂತೆ. ಮೇಲೆ ಯಾರೂ ನಿಲ್ಲಬೇಕಾಗಲಿಲ್ಲವಂತೆ. ಈ ಕೊನೆಯ ಮಾತು ಶಂಕ್ರೆಪ್ಪನವರಿಗೆ ಸ್ವಲ್ಪವೂ ಹಿತವಾಗಲಿಲ್ಲ. ಬಾಲ್ಕನಿಯವನಿಲ್ಲದೆಯೇ ಇಷ್ಟು ದೊಡ್ಡ ರಂಗೋಲಿಯ ಆಕಾರ ಗೊತ್ತಾಗುತ್ತದೆ ಎಂದರೆ, ಅದನ್ನು ಕಾಶವ್ವನ ಕಿವಿಗೆ ಬೀಳಿಸದಿರುವುದೇ ಮೇಲು.

ಮುಂದಿನ ದಿನಗಳಲ್ಲಿ ಗಂಡಹೆಂಡಿರು ಮನೆಯ ಪಡಸಾಲೆಯಲ್ಲಿ ಅಭ್ಯಾಸಕ್ಕೆ ಇಳಿದರು. ಮೊಟ್ಟೆಯಾಕಾರ, ಮಸೂರ, ಸುರುಳಿ ಎಲ್ಲ ಕಾಶವ್ವನ ಕೈಗೆ ಸಲೀಸಾಗಿ ಬಂದವು. ಕಷ್ಟವಾದದ್ದು ಆಕಾರವಿಲ್ಲದ್ದು. ಅವರು ಎಷ್ಟು ಸಲ ಚೆಲ್ಲಾಪಿಲ್ಲಿ ಮಾಡಹೋದರೂ ಬೆರಳು ತಾನಾಗಿ ಆ ಕಡೆಗೊಂದು ಎಳೆ ಹಾಕಿದರೆ ಈ ಕಡೆಗೊಂದು ಹಾಕುತ್ತಿತ್ತು. ಮುಗಿದಾಗ ನೋಡಿದರೆ ಅಚ್ಚುಕಟ್ಟಾದ ಹೂವು.

"ಆಂಟಿ, ಇದಕ್ಕೆ ಶೇಪ್ ಇರಬಾರದು," ಎಂದು ರಂಜಿನಿ ನಗುತ್ತಿದ್ದಳು.

"ಆಕಾರ ಇಲ್ಲದ್ದು ಹಾಕೋದು ಹೆಂಗವಾ? ಕೈ ಕೇಳವಲ್ದು," ಎಂದ ಕಾಶವ್ವ ಸೋತು ಪುಡಿಯ ಬಟ್ಟಲನ್ನು ಗಂಡನ ಮುಂದೆ ನೂಕಿದರು. "ನೀವು ಹಾಕ್ರಿ. ನಿಮಗ ತಾನ ಬರ್ತದ."

ಶಂಕ್ರೆಪ್ಪನವರು ಹುಟ್ಟಿದ ಮೇಲೆ ಮೊದಲ ಬಾರಿಗೆ ರಂಗೋಲಿ ಪುಡಿ ಮುಟ್ಟಿ, ಕಣ್ಣಿಗೆ ಕಂಡಷ್ಟು ನೆಲದ ಮೇಲೆ ಉದುರಿಸಿದರು. ರಂಜಿನಿ ಚಪ್ಪಾಳೆ ಹೊಡೆದು, ದಕ್ಷಿಣದ ಆಕಾಶದಲ್ಲಿ ಇಂಥದೇ ಒಂದಿದೆ, ಹೀಗೇ ಇದೆ ಎಂದು ಕೂಗಿದಳು. ಶಂಕ್ರೆಪ್ಪನವರು ಆ ದಿನ ಪೂರ್ತಿ ಎದೆ ಉಬ್ಬಿಸಿಕೊಂಡು ಓಡಾಡಿದರು. ಕಾಣದೆ ಹಾಕಿದ್ದರಿಂದಲೇ ಅದು ಸರಿ ಬಂತು ಎಂಬುದನ್ನು ಅವರು ಯಾರಿಗೂ ಹೇಳಲಿಲ್ಲ.

ವಿಜ್ಞಾನ ದಿನದ ಮಧ್ಯಾಹ್ನ ಬಿಸಿಲು ತಗ್ಗುತ್ತಿದ್ದಂತೆ ಕಾಶವ್ವ ಅಂಗಳಕ್ಕಿಳಿದರು. ನೆಲಕ್ಕೆ ಕಪ್ಪು ಮಣ್ಣಿನ ಬಣ್ಣ ಬಳಿಸಿದ್ದರು. ನಾಲ್ಕು ಮೂಲೆಯಲ್ಲಿ ನಾಲ್ಕು ಜಾತಿಯ ಗೆಲಾಕ್ಸಿ, ನಡುವೆ ದೊಡ್ಡದಾಗಿ ನಮ್ಮದು. ಮೂಲೆಯವು ಬೇಗ ಮುಗಿದವು. ಆಕಾರವಿಲ್ಲದ್ದಕ್ಕೆ ಕಾಶವ್ವ ಗಂಡ ಪಡಸಾಲೆಯಲ್ಲಿ ಹಾಕಿದ್ದನ್ನು ನೆನೆಸಿಕೊಂಡು, ಹಲ್ಲು ಕಚ್ಚಿಕೊಂಡು ಹೇಗೋ ಕೆಡಿಸಿದರು. ಆಮೇಲೆ ನಡುವಿನ ಅಂಗಳಕ್ಕೆ ಬಂದು ಹಳದಿ ದಂಡ ಎಳೆದು, ತಲೆಯೆತ್ತಿ ಕೂಗಿದರು. "ಹೆಂಗದರೀ?"

ಬಾಲ್ಕನಿಯಲ್ಲಿ ಶಂಕ್ರೆಪ್ಪನವರಿಗೆ ಕಂಡದ್ದು ಹಾಲಿಗೆ ಮಸಿ ಬೆರೆಸಿದಂಥ ಒಂದು ಬಯಲು. ಆದರೆ ಕಿವಿ ಗಟ್ಟಿಯಾಗಿತ್ತು. ಕಾಶವ್ವನ ಕೈಬಳೆ ಎಲ್ಲಿ ಸದ್ದು ಮಾಡುತ್ತಿದೆ ಎಂದು ಕೇಳಿಕೊಂಡು, ತಲೆಯೊಳಗಿನ ಚಿತ್ರಕ್ಕೆ ತಾಳೆ ಹಾಕಿ ಹೇಳತೊಡಗಿದರು. "ಛಲೋ ಅದ. ದಂಡದ ತುದಿ ಹಿಡಿ. ಬಲಕ್ಕ ಬಾಗಿಸ್ಕೊಂತ ಹೋಗು. ಇನ್ನಾ ಹೋಗು." ಒಂದು ತೋಳು ಸಾಗಿತು. ಆಚೀಚೆಯ ಬಾಲ್ಕನಿಯವರು "ವಾಹ್" ಎಂದರು. ಶಂಕ್ರೆಪ್ಪನವರಿಗೆ ಚಹಾ ಕುಡಿಯುವಷ್ಟು ಧೈರ್ಯ ಬಂತು. ಕ್ಯಾಮೆರಾ ಕಟ್ಟುವವರು ಕಟ್ಟಿಕೊಳ್ಳಲಿ ಎಂದುಕೊಂಡರು. ಮಿಥುನ ಆಗಲೇ ಟೆರೇಸಿನ ಮೇಲೆ ಕಾರ್ಯಕ್ರಮದ ಫೋಟೋಗೆಂದು ಒಂದನ್ನು ಕಟ್ಟಿದ್ದ.

ಅಷ್ಟರಲ್ಲಿ ಮಾಯಾತಾಯಿ ಮೈಕಿನ ಪರೀಕ್ಷೆ ಶುರುಮಾಡಿದರು. ಸ್ಪೀಕರು ಒಮ್ಮೆ ಕಿರುಚಿ, ಆಮೇಲೆ ಹಾಡು ಹಚ್ಚಿಕೊಂಡಿತು. ಮಕ್ಕಳೂ ಬಂದು ಅಂಗಳದ ಸುತ್ತ ನೆರೆದರು. ಬಳೆಯ ಸದ್ದು ಮುಳುಗಿಹೋಯಿತು. ಶಂಕ್ರೆಪ್ಪನವರು ಕಂಬಿ ಹಿಡಿದು ಮುಂದೆ ಬಾಗಿದರು. ಕಾಶವ್ವ ದಂಡದ ಯಾವ ತುದಿಯಲ್ಲಿದ್ದಾಳೆ, ಮುಖ ಯಾವ ಕಡೆಗಿದೆ, ಒಂದೂ ತಿಳಿಯಲಿಲ್ಲ. ಕೆಳಗಿಂದ ಪ್ರಶ್ನೆ ಮಾತ್ರ ಬಂತು. "ಹೆಂಗ ಹೋಗ್ಲಿರೀ?"

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. "ಬಲಕ್ಕ," ಎಂದರು.

ಕಾಶವ್ವ ಆ ಹೊತ್ತಿಗೆ ತಿರುಗಿ, ದಂಡದ ಕಡೆ ಮುಖ ಮಾಡಿ ಕೂತಿದ್ದರು, ಅವರ ಬಲ ಈಗ ಬೇರೆ ಕಡೆ. ಎರಡನೇ ತೋಳು ಮೊದಲನೆಯದರ ಎದುರು ಸುತ್ತು ಹಾಕಿ, ಚಿಕ್ಕ ತೋಳಿನ ಜಾಗವನ್ನು ನುಂಗಿ, ಮೊದಲನೆಯದರ ಹೊಟ್ಟೆಗೇ ಹೋಗಿ ತಿವಿಯಿತು. ಒಳಗೆ ಕೂತ ಅವರಿಗೆ ತಮ್ಮ ಬೆರಳ ಮುಂದಿನ ನೀಲಿ ಪುಡಿ ಮಾತ್ರ ಕಾಣುತ್ತಿತ್ತು. ಏನೋ ಸರಿಯಿಲ್ಲ ಎಂದು ಕೈಗೆ ಅನಿಸಿರಬೇಕು, ಎರಡು ಸಲ ತಡೆದು ನಿಂತರು. ಪ್ರತಿ ಸಲವೂ ಮೇಲಿಂದ "ಹೋಗು, ಹೋಗು," ಎಂಬ ಮಾತು ಬಂತು, ಅವರು ಮುಂದುವರಿದರು. ಆಚೀಚೆಯ ಬಾಲ್ಕನಿಗಳಲ್ಲಿ "ವಾಹ್" ನಿಂತಿತು. ಪಿಸುಮಾತು ಶುರುವಾಯಿತು. ಯಾರ್ಡಿನ ಶಂಕ್ರೆಪ್ಪಕಾಕಾ ನೋಡಿ ಹೇಳುತ್ತಿರುವಾಗ ನಡುವೆ ಬಾಯಿ ಹಾಕುವುದು ಹೇಗೆ ಎಂದು ಯಾರೂ ಏನೂ ಅನ್ನಲಿಲ್ಲ.

ಕೊನೆಗೆ ಹಾಡು ನಿಂತಿತು. ಉಳಿದದ್ದು ಸೂರ್ಯ. ಕಾಶವ್ವ ಕುಂಕುಮದ ಬಟ್ಟಲು ಹಿಡಿದು, ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತರು. ರಂಜಿನಿ ಮೈಕಿನಲ್ಲಿ, "ಈಗ ನಮ್ಮ ಮನೆ ಎಲ್ಲಿದೆ ಅಂತ ನೋಡೋಣ," ಎಂದಳು.

"ಎಲ್ಲಿಡ್ಲಿರೀ?" ಕಾಶವ್ವ ಕೂಗಿದರು.

"ನಡು ಬಿಟ್ಟು ಹೊರಗ ಬಾ," ಎಂದರು ಶಂಕ್ರೆಪ್ಪ. "ಇನ್ನಾ ಬಾ. ಅರ್ಧಾ ದಾಟಿ ಸ್ವಲ್ಪ ಮುಂದ. ಎರಡು ಹೆಜ್ಜಿ."

ಕಾಶವ್ವ ಆಗಲೇ ಅರ್ಧ ದಾಟಿದ್ದವರು ಇನ್ನೂ ಮುಂದೆ ಬಂದರು. ಗಂಡ ಹೇಳಿದಷ್ಟು ಬಂದಾಗ ಅವರು ಆಕಾಶಗಂಗೆಯನ್ನು ಪೂರ್ತಿ ದಾಟಿ, ಮಸೂರದಂಥ ಗೆಲಾಕ್ಸಿಯನ್ನೂ ಬಳಸಿ, ನೀರಿನ ಟಾಕಿಯ ಮುಚ್ಚಳದ ಪಕ್ಕ ನಿಂತಿದ್ದರು. ಅಲ್ಲಿ ಬಗ್ಗಿ ಕುಂಕುಮ ಇಡಲು ಹೊರಟಾಗ ಒಂದು ಮಗು ಕಿಸಕ್ಕೆಂದಿತು. ಅದರ ಹಿಂದೆ ಇನ್ನೊಂದು. ಕ್ಷಣದಲ್ಲಿ ಅಂಗಳ ಪೂರ್ತಿ ನಗತೊಡಗಿತು. ಸೌರಮಂಡಲ ಗೆಲಾಕ್ಸಿ ಬಿಟ್ಟು ನೀರಿನ ಟಾಕಿಯ ಹತ್ತಿರ ಬಾಡಿಗೆಗೆ ಬಂತು ಎಂದು ಯಾರೋ ಮರಾಠಿಯಲ್ಲಿ ಕೂಗಿದರು.

ಕಾಶವ್ವ ಬಗ್ಗಿದವರು ನೆಟ್ಟಗಾದರು. ಮುಖ ಕೆಂಪಾಗಿತ್ತು. "ನಗಬ್ಯಾಡ್ರಿ ಯಾರೂ," ಎಂದರು ಗಟ್ಟಿಯಾಗಿ, ಅವಸರದಲ್ಲಿ ಮರಾಠಿ ಮರೆತು ಕನ್ನಡದಲ್ಲೇ. "ಕೆಳಗ ನಿಂತವರಿಗೆ ಏನ್ ತಿಳೀತದ? ನಮ್ಮವರಿಗೆ ಮ್ಯಾಲಿಂದ ಎಲ್ಲಾ ಕಾಣಸ್ತದ. ಅವರು ಹೇಳಿದ ಮ್ಯಾಲೆ ಇಲ್ಲೇ ಇಡಬೇಕು." ಮತ್ತೆ ಬಗ್ಗಿದರು.

ಶಂಕ್ರೆಪ್ಪನವರು ಚಹಾದ ಕಪ್ಪನ್ನು ಕೆಳಗಿಟ್ಟರು. ಈಗ ಸುಮ್ಮನಿದ್ದರೆ ಬಾಲ್ಕನಿ ಉಳಿಯುತ್ತದೆ. ಕೆಳಗೆ ಅವಳು ಊರ ಮುಂದೆ ಆ ಬೊಟ್ಟು ಇಡುತ್ತಾಳೆ, ಆಮೇಲೆ ತನ್ನ ರಂಗೋಲಿಯನ್ನು ಫೋಟೋದಲ್ಲಿ ನೋಡುತ್ತಾಳೆ. ಇಷ್ಟು ದಿನದ ಆಸೆ ಅದರೊಂದಿಗೇ ಮುಗಿಯುತ್ತದೆ.

"ಕಾಶೀ, ನಿಲ್ಲು!" ಎಂದು ಕೂಗಿದರು. ನೆರೆದವರ ಮುಂದೆ ಹೆಂಡತಿಯನ್ನು ಅವರು ಹೆಸರು ಹಿಡಿದು ಕರೆದದ್ದು ಯಾರೂ ಕೇಳಿರಲಿಲ್ಲ. "ಇಡಬ್ಯಾಡ. ನನಗ ಕಾಣವಲ್ದು."

ಕಾಶವ್ವ ಕುಂಕುಮದ ಬಟ್ಟಲು ಹಿಡಿದೇ ತಲೆಯೆತ್ತಿದರು.

"ಏನ್ ಕಾಣವಲ್ದು?" ಎಂದರು ಕಾಶವ್ವ.

"ಏನೂ ಕಾಣವಲ್ದು. ನೀ ಎಲ್ಲಿ ನಿಂತಿ ಅನ್ನೋದೂ ಕಾಣವಲ್ದು."

ಅವರು ಗೋಡೆ ಹಿಡಿದು, ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು ಕೆಳಗೆ ಬಂದರು. ಮನೆಯಲ್ಲಿ ಯಾರೂ ಇಲ್ಲದಾಗ ಹೀಗೇ ಇಳಿಯುತ್ತಿದ್ದರು, ಮಂದಿಯೆದುರು ಇದೇ ಮೊದಲು. ಕಾಶವ್ವ ಮೆಟ್ಟಿಲ ಬುಡದಲ್ಲಿ ನಿಂತು ನೋಡುತ್ತಿದ್ದರು. ಬೈಗುಳ ಬರುತ್ತದೆಂದು ಶಂಕ್ರೆಪ್ಪನವರು ತಲೆ ತಗ್ಗಿಸಿದರು.

"ಎಂದಿನಿಂದ?"

"ದಸರಾದಿಂದ."

"ಮತ್ತ ದೀಪಾವಳಿ ರಂಗೋಲಿ? ಅದು ಛಲೋ ಬಂದಿತ್ತಲ್ರಿ."

"ಅದು ನಿನ್ನ ಕೈ. ನಾ ಬರೇ ಒದರೇನಿ."

ಕಾಶವ್ವ ಡಾಕ್ಟರು ನಿಜವಾಗಿ ಏನಂದರು ಎಂದು ಕೇಳಿದರು. ಶಂಕ್ರೆಪ್ಪನವರು ಎಲ್ಲವನ್ನೂ ಹೇಳಿದರು, ಹೆದರಿಕೆಯದನ್ನೂ. ಆಮೇಲೆ, "ಆ ಹೋಳಿಗಿ ಸುಮ್ಮನ ತಿಂದ್ರಲ್ಲ," ಎಂದಷ್ಟೇ ಅಂದು ಕಾಶವ್ವ ಮಿಥುನನ ಫೋನಿನಲ್ಲಿ ತಮ್ಮ ರಂಗೋಲಿಯನ್ನು ನೋಡಿದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರು. ಸೆರಗು ಸಿಕ್ಕಿಸಿ, ಕಪ್ಪು ಪುಡಿ ತರಿಸಿ, ತಪ್ಪಿದ ತೋಳನ್ನು ಅಳಿಸಿ ಮೊದಲಿನಿಂದ ಎಳೆದರು. ಮಾಯಾತಾಯಿ ಕಾರ್ಯಕ್ರಮವನ್ನು ಮುಂದೆ ನೂಕಿ ತಾವೇ ಪುಡಿಯ ಬಟ್ಟಲು ಹಿಡಿದು ಹಿಂದೆ ಹಿಂದೆ ನಡೆದರು. ದೀಪ ಹಚ್ಚುವ ಹೊತ್ತಿಗೆ ಎರಡೂ ತೋಳು ಒಂದೇ ಕಡೆಗೆ ಸುತ್ತಿಕೊಂಡು ನಿಂತವು, ನಡುವೆ ಆ ಚಿಕ್ಕ ತೋಳೂ.

ಸೂರ್ಯನನ್ನು ಇಡಬೇಕಾದಾಗ ಕಾಶವ್ವ ಗಂಡನ ರಟ್ಟೆ ಹಿಡಿದು ಪುಡಿ ತುಳಿಯದಂತೆ ಒಳಗೆ ಕರೆತಂದು ಕೂರಿಸಿದರು. ಶಂಕ್ರೆಪ್ಪನವರು ಎಂದೂ ರಂಗೋಲಿಯ ಒಳಗೆ ಕೂತವರಲ್ಲ. ಕಣ್ಣು ನೆಲಕ್ಕೆ ತಂದಾಗ ನೀಲಿ ಪುಡಿ ಕಂಡಿತು, ಅದರಾಚೆ ಬರೀ ಮಬ್ಬು. ಸುರುಳಿಯೂ ಇಲ್ಲ, ದಂಡವೂ ಇಲ್ಲ.

"ಇಲ್ಲಿಂದ ನಿನಗೂ ಇಷ್ಟ ಕಾಣ್ತದ?" ಎಂದು ಕೇಳಿದರು.

"ಇಷ್ಟ."

"ಮತ್ತ ಇಷ್ಟು ವರ್ಷ ಹೆಂಗ ಹಾಕಿದಿ?"

"ನೀವು ಹೇಳ್ತಿದ್ರಲ್ಲ," ಎಂದು ಕಾಶವ್ವ ಅವರ ಬೆರಳನ್ನು ಕುಂಕುಮದಲ್ಲಿ ಅದ್ದಿ ಚಿಕ್ಕ ತೋಳಿನ ಮೇಲೆ ಒತ್ತಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ರಂಜಿನಿ ಮೈಕಿನಲ್ಲಿ ನಾವು ಈ ಬೊಟ್ಟಿನಲ್ಲಿದ್ದೇವೆ, ಇದು ನಡುವನ್ನು ಒಂದು ಸುತ್ತು ಬರಲು ಇಪ್ಪತ್ತು ಕೋಟಿ ವರ್ಷಕ್ಕೂ ಹೆಚ್ಚು ಬೇಕು ಎಂದು ವಿವರಿಸುತ್ತಿದ್ದಳು. ಯಾರೂ ಸರಿಯಾಗಿ ಕೇಳುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಮಾಯಾತಾಯಿ ಬಂದು ಕಾಶವ್ವನ ಕೈ ಹಿಡಿದುಕೊಂಡರು. ಪಾಡವಾ ನಿಮ್ಮದೇ, ಗೇಟಿನಿಂದ ಮಂಟಪದವರೆಗೆ ನಿಮಗೆ ಬೇಕಾದ್ದು ಹಾಕಿ ಎಂದರು. ಮಿಥುನನೂ ಮುಂದೆ ಬಂದ. "ಕ್ಯಾಮೆರಾ ಹೇಗೂ ಮೇಲಿದೆ ಆಂಟಿ, ನಾನು ಸೆಟ್ ಮಾಡಿಕೊಡ್ತೀನಿ. ಎಷ್ಟು ದೊಡ್ಡದು ಬೇಕಾದ್ರೂ ಹಾಕಿ."

ಶಂಕ್ರೆಪ್ಪನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ತಾವು ಹೆದರಿದ್ದು ಇದಕ್ಕೇ. ಬಂತು, ಆಯಿತು. ಕ್ಯಾಮೆರಾ ಒಳ್ಳೆಯದೇ, ಸುಳ್ಳು ಹೇಳುವುದಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

"ಬ್ಯಾಡಪಾ," ಎಂದರು ಕಾಶವ್ವ.

"ಯಾಕೆ ಆಂಟಿ?"

"ಪಾಡವಾಕ್ಕ ಸಣ್ಣದು ಹಾಕ್ತೀನಿ. ನಮ್ಮ ಬಾಗಲ ಮುಂದ, ಒಂದ ಮೊಳದ್ದು." ಅವರು ಮಾಯಾತಾಯಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. "ಹತ್ರ ಕುಂತ್ರ ಇವರಿಗೆ ಕಾಣಬೇಕು. ಅಷ್ಟ ಸಾಕು."

ಅಷ್ಟು ಹೇಳಿ ಅವರು ಉಳಿದ ಪುಡಿಯನ್ನು ಡಬ್ಬಿಗೆ ತುಂಬಲು ಹೋದರು, ಮಾತು ಮುಗಿಯಿತೆನ್ನುವಂತೆ. ಶಂಕ್ರೆಪ್ಪನವರು ಕುರ್ಚಿಯಿಂದ ಎದ್ದರು. ಡಬ್ಬಿಯ ಸದ್ದು ಬಂದ ಕಡೆಗೆ ಕೈ ಚಾಚಿಕೊಂಡು ನಡೆದರು. ಯಾರೋ ಹಿಡಿಯಲು ಬಂದರು, ಅವರು ಬೇಡವೆಂದರು.

"ಗೇಟಿನ ತನಕಾ ಹಾಕು," ಎಂದರು. "ಸಣ್ಣದು ಬ್ಯಾಡ. ನಾಳೆ ಮುಂಜಾನೆ ಡಾಕ್ಟರ್ ಹತ್ರ ಹೋಗೂಣು."

"ಹೆದರಿಕಿ?"

"ಅದ," ಎಂದರು ಶಂಕ್ರೆಪ್ಪ. "ನೀ ಕೈ ಹಿಡ್ಕೊಂಡು ಕುಂದ್ರು."